ಹುಲ್ಲುಹಾಸು, ಬದು, ಬೆಳೆಸಾಲು: ನಿಮ್ಮ ನೆಲಕ್ಕೆ ಯಾವ ಯಂತ್ರ?

ಮುಂಗಾರಿನ ಎರಡು ಒಳ್ಳೆಯ ಮಳೆ ಬಿದ್ದು ಬದುಗಳು ಹಸಿರಾದವೆಂದರೆ ಸಿಂಧನೂರಿನ ನಮ್ಮ ಅಂಗಡಿಗೆ ಬರುವವರ ಪ್ರಶ್ನೆ ಬಹುತೇಕ ಒಂದೇ: "ಸಾಹುಕಾರರೇ, ಹುಲ್ಲು ಕತ್ತರಿಸುವ ಮಷಿನ್ ಯಾವುದು ಒಳ್ಳೆಯದು?" ಕೇಳುವವರಲ್ಲಿ ಗಂಗಾವತಿ ಕಡೆಯ ಭತ್ತದ ರೈತರಿರುತ್ತಾರೆ, ಕುಷ್ಟಗಿಯ ದಾಳಿಂಬೆ ಬೆಳೆಗಾರರಿರುತ್ತಾರೆ, ಮಾನ್ವಿಯ ಹತ್ತಿ ಬೆಳೆಗಾರರಿರುತ್ತಾರೆ. ಮನೆ ಮುಂದೆ ನಾಲ್ಕು ಗುಂಟೆ ಹುಲ್ಲುಹಾಸು ಮಾಡಿಸಿಕೊಂಡ ವೈದ್ಯರೂ ಶಾಲೆಯ ಮುಖ್ಯೋಪಾಧ್ಯಾಯರೂ ಇರುತ್ತಾರೆ. ಇವರೆಲ್ಲರಿಗೂ ಒಂದೇ ಯಂತ್ರ ತೋರಿಸುವ ಅಂಗಡಿಯವರು ಇಲ್ಲದಿಲ್ಲ. ಅಂಥ ಯಂತ್ರಗಳೇ ಮರುವರ್ಷ ಜೋಳದ ಚೀಲಗಳ ಹಿಂದೆ ದೂಳು ತಿನ್ನುತ್ತ ಕೂತಿರುತ್ತವೆ.

ಬೆಲೆ ಕೇಳುವ ಮೊದಲು ಮೂರು ವಿಷಯಗಳನ್ನು ನೀವೇ ತೀರ್ಮಾನಿಸಿಕೊಂಡು ಬರಬೇಕು. ಹುಲ್ಲು ಅಲ್ಲೇ ಇರಬೇಕೋ, ಬುಡಸಮೇತ ಹೋಗಬೇಕೋ? ಕತ್ತರಿಸಿದ್ದು ದನಕ್ಕೆ ಮೇವಾಗಬೇಕೋ, ನೆಲದ ಮೇಲೇ ಕೊಳೆಯಬೇಕೋ? ನೆಲ ಎರೆಯೋ (ಕರಿಮಣ್ಣು), ಮಸಾರಿಯೋ (ಕೆಂಪು ಮಣ್ಣು)? ಇರುವ ಹುಲ್ಲನ್ನು ಸಮವಾಗಿ ಸವರಿ ಉಳಿಸಿಕೊಳ್ಳಲು ಲಾನ್ ಮೋವರ್. ಒರಟು ಹುಲ್ಲನ್ನು, ಪೊದೆಯನ್ನು ಕೊಯ್ದು ಹಾಕಲು ಬ್ರಷ್ ಕಟರ್. ಬೆಳೆಯ ಸಾಲುಗಳ ನಡುವಿನ ಕಳೆಯನ್ನು ಮಣ್ಣಿನೊಂದಿಗೆ ಕಿತ್ತು ಮಗುಚಲು ಪವರ್ ವೀಡರ್. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೇಳಿದರೆ ಯಂತ್ರವೂ ಹಾಳು, ಮೈಯೂ ಹಣ್ಣು.

ಹುಲ್ಲುಹಾಸಿನವರಿಗೆ

ಲಾನ್ ಮೋವರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡಿಂಗ್ ಎಂಬಾತ, ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ನವಿರನ್ನು ಸವರುವ ಯಂತ್ರವನ್ನು ನೋಡಿ, ಅದೇ ಉಪಾಯವನ್ನು ಹುಲ್ಲಿಗೆ ಹೊಂದಿಸಿ 1830ರಲ್ಲಿ ಪೇಟೆಂಟ್ ಪಡೆದ. ಆ ದೇಶದ ತಂಪು, ತುಂತುರು ಮಳೆ, ಮೆತ್ತನೆಯ ಹುಲ್ಲಿಗೆ ಹುಟ್ಟಿದ ಯಂತ್ರ ಅದು. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ಮೋವರ್ ಕೊಳ್ಳಲು ಬಂದವರಿಗೆ ನನ್ನ ಮೊದಲ ಸಲಹೆ: ಹುಲ್ಲುಹಾಸನ್ನು ಚಿಕ್ಕದು ಮಾಡಿ. ಕೂರಲು, ಮಕ್ಕಳು ಆಡಲು ಬೇಕಾದಷ್ಟು ಜಾಗಕ್ಕೆ ಹುಲ್ಲು ಹಾಕಿ, ಉಳಿದದ್ದಕ್ಕೆ ಬೇವು, ಹೊಂಗೆ, ದಾಸವಾಳ ಹಾಕಿ. ಇದರಿಂದ ನನ್ನ ದೊಡ್ಡ ಮೋವರ್‌ಗಳ ಮಾರಾಟ ಕಡಿಮೆಯಾಗುತ್ತದೆ, ನಿಜ. ಆದರೆ ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಬೀದಿಯಲ್ಲಿ ಹತ್ತು ಗುಂಟೆ ಹುಲ್ಲಿಗೆ ನೀರು ಬಿಡುವುದನ್ನು ಪ್ರೋತ್ಸಾಹಿಸಲು ನನಗೆ ಮನಸ್ಸಾಗುವುದಿಲ್ಲ.

ಯಂತ್ರಕ್ಕಿಂತ ಮೊದಲು ಹುಲ್ಲಿನ ಜಾತಿ ನೋಡಿ. ಬರ್ಮುಡಾ ಎಂದು ನರ್ಸರಿಗಳಲ್ಲಿ ಮಾರುವುದು ನಮ್ಮ ಗರಿಕೆಯ ಬಳಗವೇ. ಬಿಸಿಲು, ತುಳಿತ ಎರಡನ್ನೂ ತಡೆಯುತ್ತದೆ. ಕಾಲುವೆ ಸೀಮೆಯ ಸವಳು ನೆಲದಲ್ಲೂ, ಸ್ವಲ್ಪ ಉಪ್ಪಿನಂಶದ ಬೋರ್‌ವೆಲ್ ನೀರಿನಲ್ಲೂ ಬದುಕುತ್ತದೆ. ಆದರೆ ನೆರಳಿನಲ್ಲಿ ಸೊರಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಲೇಬೇಕು. ಕೊರಿಯನ್ ಹುಲ್ಲು ನಿಧಾನವಾಗಿ ಬೆಳೆಯುತ್ತದೆ, ಸವರುವ ಕೆಲಸ ಕಡಿಮೆ; ಆದರೆ ದಟ್ಟವಾಗಿ ಉಬ್ಬಿ ದಿಬ್ಬ ದಿಬ್ಬವಾಗುವುದರಿಂದ ಸಪೂರ ಮೋಟಾರಿನ ಮೋವರ್ ಅದರ ಮೇಲೆ ಏದುಸಿರು ಬಿಡುತ್ತದೆ.

ಮೋವರ್‌ಗಳಲ್ಲಿ ಎರಡು ಬಗೆ. ರೀಲ್ ಮೋವರ್‌ನಲ್ಲಿ ಸುತ್ತುವ ಉರುಳೆಯ ಅಲಗುಗಳು ಕೆಳಗಿನ ಒಂದು ಸ್ಥಿರ ಅಲಗಿಗೆ ತಾಗಿ ಕತ್ತರಿಯಂತೆ ಕತ್ತರಿಸುತ್ತವೆ. ರೋಟರಿ ಮೋವರ್‌ನಲ್ಲಿ ಅಡ್ಡಲಾಗಿ ಕೂತ ಒಂದೇ ಅಲಗು ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗಿ ಬರೀ ವೇಗದಿಂದ ಹುಲ್ಲನ್ನು ಹೊಡೆದುರುಳಿಸುತ್ತದೆ. ಕತ್ತರಿಸಿದ ತುದಿಯ ಅಂದ ಬೇಕಿದ್ದರೆ ರೀಲ್‌ಗೆ ಸಾಟಿಯಿಲ್ಲ. ಬರ್ಮುಡಾವನ್ನು ಒಂದು ಇಂಚಿಗೆ ಸವರಿ ಜಮಖಾನೆಯಂತೆ ಇಡಬಲ್ಲದು. ಆದರೆ ಹುಲ್ಲು ಮೂರು ಇಂಚು ದಾಟಿದರೆ ರೀಲ್ ಅದನ್ನು ಕತ್ತರಿಸದೆ ಬಗ್ಗಿಸಿ ಮುಂದೆ ಹೋಗುತ್ತದೆ. ಒಂದು ಬೆಣಚುಕಲ್ಲು ಸಿಕ್ಕರೆ ಅಲಗು ಮುಕ್ಕಾಗುತ್ತದೆ. ಕೊಪ್ಪಳ ಕಡೆಯ ಕಲ್ಲುಮಿಶ್ರಿತ ಮಸಾರಿ ನೆಲದಲ್ಲಿ ಹುಲ್ಲು ಹಾಕಿಸಿದವರಿಗೆ, ವಾರ ತಪ್ಪಿಸುವ ಮಾಲಿ ಇರುವ ಕಚೇರಿಗಳಿಗೆ ನಾನು ರೋಟರಿಯನ್ನೇ ಹೇಳುತ್ತೇನೆ. ಸಾವಿರ ಚದರಡಿಯೊಳಗಿನ ಮನೆಯಂಗಳಕ್ಕೆ ಕೈಯಿಂದ ತಳ್ಳುವ ರೀಲ್ ಮೋವರ್ ಸಾಕು. ಪೆಟ್ರೋಲ್ ಇಲ್ಲ, ಕರೆಂಟ್ ಇಲ್ಲ, ಸದ್ದಿಲ್ಲ. ಬೆಳಿಗ್ಗೆ ಆರಕ್ಕೆ ಸವರಿದರೂ ಪಕ್ಕದ ಮನೆಯವರು ಏಳುವುದಿಲ್ಲ. ಕೊಳ್ಳುವಾಗ ಒಂದು ತುಂಡು ವೃತ್ತಪತ್ರಿಕೆಯನ್ನು ಅಲಗುಗಳ ನಡುವೆ ಹಿಡಿದು ಉರುಳೆಯನ್ನು ಕೈಯಿಂದ ತಿರುಗಿಸಿ ನೋಡಿ. ಉದ್ದಕ್ಕೂ ಎಲ್ಲ ಕಡೆ ಕಾಗದ ಸ್ವಚ್ಛವಾಗಿ ಕತ್ತರಿಸಬೇಕು. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಚಿಕೊಂಡರೆ ಅಲಗು ಸರಿಯಾಗಿ ಕೂತಿಲ್ಲ ಎಂದರ್ಥ.

ವಿದ್ಯುತ್ತಿನ ಮೋವರ್ ಒಂದರಿಂದ ಐದು ಸಾವಿರ ಚದರಡಿಯವರಿಗೆ ಹೊಂದುತ್ತದೆ. ಇಲ್ಲಿ ಮೋಟಾರ್ ಸುಡುವುದು ಯಂತ್ರದ ದೋಷದಿಂದಲ್ಲ, ತೆಳ್ಳನೆಯ ವೈರಿನಿಂದ. ಮೂವತ್ತು ಮೀಟರ್ ದೂರಕ್ಕೆ ಎಳೆಯುವುದಾದರೆ 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬೇಕು. ಸಂಪರ್ಕ ಪೆಟ್ಟಿಗೆಯಲ್ಲಿ ಸೋರಿಕೆ ತಡೆಯುವ ಆರ್‌ಸಿಸಿಬಿ ಇರಲೇಬೇಕು. ಇಬ್ಬನಿ ಆರದ ಹುಲ್ಲಿನ ಮೇಲೆ ವೈರಿನ ಮೋವರ್ ಓಡಿಸಲೇಬಾರದು. ಬ್ಯಾಟರಿ ಮೋವರ್‌ಗಳು ಈಗ ಬಂದಿವೆ, ಹಗುರ, ಸುಲಭ. ಆದರೆ ನಮ್ಮ ಬಿಸಿಲು ಲಿಥಿಯಂ ಬ್ಯಾಟರಿಯ ಶತ್ರು. ಮೇ ತಿಂಗಳ ಮಧ್ಯಾಹ್ನ ಕೆಲಸ ಮುಗಿಸಿ ಬಿಸಿ ಬ್ಯಾಟರಿಯನ್ನು ತಗಡಿನ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದರೆ ಹಲವು ಚಾರ್ಜರ್‌ಗಳು ಕೆಲಸವನ್ನೇ ಮಾಡುವುದಿಲ್ಲ. ಮಾಡಿದರೂ ಬ್ಯಾಟರಿಯ ಆಯುಸ್ಸು ಕರಗುತ್ತದೆ. ರಾತ್ರಿ, ಮನೆಯೊಳಗೆ ಚಾರ್ಜ್ ಮಾಡುವ ಶಿಸ್ತಿದ್ದವರು ಮಾತ್ರ ಕೊಳ್ಳಬಹುದು. ಐದು ಸಾವಿರ ಚದರಡಿಗೆ ಮೇಲ್ಪಟ್ಟರೆ ಪೆಟ್ರೋಲ್ ಎಂಜಿನ್ನಿನ 18ರಿಂದ 21 ಇಂಚು ಅಗಲದ, ತಾನೇ ಮುಂದೆ ಸಾಗುವ ಮೋವರ್ ತೆಗೆದುಕೊಳ್ಳಿ. ಕೂತು ಓಡಿಸುವ ಮೋವರ್ ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಕಾರ್ಖಾನೆಗಳ ವಸತಿ ಪ್ರದೇಶ, ಕ್ರೀಡಾಂಗಣ ಬಿಟ್ಟು ಬೇರೆ ಯಾರಿಗೂ ಬೇಡ.

ಯಾವುದನ್ನೇ ಕೊಂಡರೂ ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಮಾರ್ಚ್ ಬಂದರೆ ಯಂತ್ರದ ಎತ್ತರವನ್ನು ಒಂದು ಮೆಟ್ಟಿಲು ಏರಿಸಿ. ಎತ್ತರದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಕೊಡುತ್ತದೆ. ಸವರಿದ ಮಾರನೆಯ ದಿನ ತುದಿಗಳು ಬಿಳಿಚಿ ನಾರುನಾರಾಗಿ ಕಂಡರೆ ಗೊಬ್ಬರ ಹಾಕಲು ಓಡಬೇಡಿ. ಅಲಗು ಮೊಂಡಾಗಿ ಹುಲ್ಲನ್ನು ಹರಿದಿದೆ, ಅಷ್ಟೇ.

ಬದುವಿನ ಹುಲ್ಲಿಗೆ ಬ್ರಷ್ ಕಟರ್

ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುವುದು, ಅತಿ ಹೆಚ್ಚು ತಪ್ಪಾಗಿ ಮಾರಾಟವಾಗುವುದು ಇದೇ. ಎಂಜಿನ್ನಿನಲ್ಲಿ ಎರಡು ಬಗೆ: ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್.

ಟೂ ಸ್ಟ್ರೋಕ್‌ಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಕಂಪನಿ 40ಕ್ಕೆ 1 ಎಂದಿದ್ದರೆ ಲೀಟರಿಗೆ 25 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಎಂಜಿನ್ ಹಗುರ, ಬೆಲೆ ಕಡಿಮೆ, ಯಾವ ಊರಿನ ಮೆಕ್ಯಾನಿಕ್ ಆದರೂ ಬಿಚ್ಚಿ ಕಟ್ಟುತ್ತಾನೆ. ಇದರ ಒಂದೇ ದೊಡ್ಡ ಅಪಾಯ, ಮನೆಯಲ್ಲಿ ಯಾರೋ ಒಬ್ಬರು ಬೈಕಿನ ಬಾಟಲಿಯಿಂದ ಬರೀ ಪೆಟ್ರೋಲ್ ಸುರಿದುಬಿಡುವುದು. ಹತ್ತಾರು ನಿಮಿಷದಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಅದಕ್ಕೆ ಯಾವ ಕಂಪನಿಯೂ ವಾರಂಟಿ ಕೊಡುವುದಿಲ್ಲ. ಮನೆಯಲ್ಲಿ ಯಂತ್ರ ಮುಟ್ಟುವವರು ಮೂರ್ನಾಲ್ಕು ಮಂದಿ ಇದ್ದರೆ, ಆಳುಗಳ ಕೈಗೆ ಕೊಡುವುದಾದರೆ, ನನ್ನ ಆಯ್ಕೆ ಫೋರ್ ಸ್ಟ್ರೋಕ್. ಎಣ್ಣೆ ಬೇರೆ, ಪೆಟ್ರೋಲ್ ಬೇರೆ, ಗೊಂದಲವಿಲ್ಲ. ಹೊಗೆ ಕಡಿಮೆ, ಸದ್ದು ಕಡಿಮೆ, ಇಂಧನವೂ ಕಡಿಮೆ. ಬೆಲೆ ಮಾತ್ರ ಅಗ್ಗದ ಟೂ ಸ್ಟ್ರೋಕ್‌ನ ಎರಡು ಮೂರು ಪಟ್ಟು. ಈ ವರ್ಗದಲ್ಲಿ ಹೆಸರಾದ ಹೋಂಡಾ ಜಿಎಕ್ಸ್35 ಎಂಜಿನ್ 35.8 ಸಿಸಿಯದು, ಅದಕ್ಕೆ ಹಿಡಿಯುವ ಎಣ್ಣೆ ಕೇವಲ 100 ಮಿಲಿಲೀಟರ್. ಇಷ್ಟು ಕಡಿಮೆ ಎಣ್ಣೆಯಲ್ಲಿ ಓಡುವುದರಿಂದ ಮೊದಲ ಹತ್ತು ಗಂಟೆಗೆ ಒಮ್ಮೆ, ಆಮೇಲೆ ಐವತ್ತು ಗಂಟೆಗೊಮ್ಮೆ ಬದಲಿಸಲೇಬೇಕು. ಭತ್ತದ ರೈತರು ದಿನಕ್ಕೆ ಐದು ಗಂಟೆ ಓಡಿಸಿದರೆ ಹತ್ತು ದಿನಕ್ಕೆ ಒಂದು ಬದಲಾವಣೆ. ಅದು ಆಗದ ಮಾತು ಎನ್ನುವವರಿಗೆ ಟೂ ಸ್ಟ್ರೋಕ್ ಒಳ್ಳೆಯದು. ಬೆರೆಸಿದ ಪೆಟ್ರೋಲನ್ನು ಬೇರೆ ಬಣ್ಣದ ಕ್ಯಾನಿನಲ್ಲಿ ಇಟ್ಟರಾಯಿತು.

ಸಿಸಿ ನೋಡಿ ಮರುಳಾಗಬೇಡಿ. ಹೆಸರಿಲ್ಲದ ಟೂ ಸ್ಟ್ರೋಕ್ ಯಂತ್ರಗಳ ಮೇಲೆ 63 ಸಿಸಿ, 68 ಸಿಸಿ ಎಂದು ಚೀಟಿ ಅಂಟಿಸಿರುತ್ತಾರೆ. ಚೀಟಿಯನ್ನು ಬಿಟ್ಟು ಎಂಜಿನ್ನಿನ ಮೈಮೇಲೆ ಒತ್ತಿದ ಗುರುತು ಹುಡುಕಿ. ಹೆಚ್ಚಿನವುಗಳಲ್ಲಿ 1ಇ40ಎಫ್ ಅಥವಾ 1ಇ44ಎಫ್ ಎಂದಿರುತ್ತದೆ. ನಡುವಿನ ಅಂಕಿ ಸಿಲಿಂಡರಿನ ಒಳವ್ಯಾಸ, ಮಿಲಿಮೀಟರಿನಲ್ಲಿ. 44 ಎಂದಿದ್ದು, ಪಿಸ್ಟನ್ ಓಡುವ ದೂರ 34 ಮಿಲಿಮೀಟರ್ ಆದರೆ ಲೆಕ್ಕಕ್ಕೆ ಬರುವುದು 51.7 ಸಿಸಿ. 40 ಎಂದಿದ್ದರೆ 42.7. ಚೀಟಿ ಏನೇ ಹೇಳಲಿ, ಕಬ್ಬಿಣ ಸುಳ್ಳು ಹೇಳುವುದಿಲ್ಲ. ಅಂಗಡಿಯವರು ಆ ಗುರುತನ್ನು ತೋರಿಸಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಹೆಗಲ ಪಕ್ಕಕ್ಕೆ ತೂಗುವುದೋ, ಬೆನ್ನಿಗೆ ಹೊರುವುದೋ? ಬೆನ್ನಿನದು ಕಾಲುವೆಯ ಇಳಿಜಾರು ದಂಡೆಗೆ, ಗುಡ್ಡದ ತೋಟಕ್ಕೆ ಹೊಂದುತ್ತದೆ. ನಮ್ಮ ಬಯಲಿಗೆ ಪಕ್ಕದ್ದೇ ಮೇಲು. ಬೆನ್ನಿನ ಎಂಜಿನ್ ಬೇಸಿಗೆಯಲ್ಲಿ ಬೆನ್ನನ್ನು ಬೇಯಿಸುತ್ತದೆ, ಬಗ್ಗುವ ಶಾಫ್ಟ್ ಬೇಗ ಸವೆಯುತ್ತದೆ, ಎಡವಿ ಬಿದ್ದಾಗ ಕಳಚಿ ಬಿಸಾಡುವುದು ಕಷ್ಟ. ಪಕ್ಕದ ಯಂತ್ರಕ್ಕೆ ಎರಡೂ ಹೆಗಲಿಗೆ ಬರುವ ಪಟ್ಟಿ ಕೇಳಿ ಪಡೆಯಿರಿ. ಒಂದೇ ಹೆಗಲಿನ ಪಟ್ಟಿಯಲ್ಲಿ ಸಂಜೆಯವರೆಗೆ ಕೆಲಸ ಮಾಡಿದರೆ ಮರುದಿನ ಕತ್ತು ತಿರುಗುವುದಿಲ್ಲ.

ತುದಿಗೆ ಏನು ಹಾಕುತ್ತೀರಿ ಎಂಬುದು ಎಂಜಿನ್ನಿಗಿಂತ ದೊಡ್ಡ ಪ್ರಶ್ನೆ. ಎಮ್ಮೆಗೆ ಮೇವು ಬೇಕಿದ್ದರೆ ನೈಲಾನ್ ದಾರ ಬೇಡವೇ ಬೇಡ. ದಾರ ಹುಲ್ಲನ್ನು ಚೂರುಚೂರು ಮಾಡಿ ಮಣ್ಣಿನೊಂದಿಗೆ ಎರಚುತ್ತದೆ, ಅದನ್ನು ಬಾಚಿ ತಂದರೂ ದನ ಮೂಸಿ ಬಿಡುತ್ತವೆ. ಮೂರು ಹಲ್ಲಿನ ಅಲಗು ಬುಡದಲ್ಲಿ ಕೊಯ್ದು ಹುಲ್ಲನ್ನು ಇಡಿಯಾಗಿ ಎಡಕ್ಕೆ ಕೆಡವುತ್ತದೆ. ಅಲಗು ಮೇಲಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತುವುದರಿಂದ ಬಲದಿಂದ ಎಡಕ್ಕೆ ಬೀಸುತ್ತ ಹೋದರೆ ಕೊಯ್ದದ್ದು ಒಂದೇ ಸಾಲಿಗೆ ಬೀಳುತ್ತದೆ, ಹೆಣ್ಣುಮಕ್ಕಳು ಹಿಂದಿನಿಂದ ಹೊರೆ ಕಟ್ಟಿಕೊಂಡು ಬರಬಹುದು. ಆದರೆ ಆ ಹಿಂದೆ ಎಂದರೆ ಹದಿನೈದು ಮೀಟರ್ ದೂರ. ಅದಕ್ಕಿಂತ ಹತ್ತಿರ ಯಾರೂ ಇರಬಾರದು. ಅಲಗಿನ ಬಲಮುಂಭಾಗ ಗಟ್ಟಿ ಬುಡಕ್ಕೆ ತಾಗಿದರೆ ಇಡೀ ಯಂತ್ರ ಹಿಡಿದವರನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ.

ನೈಲಾನ್ ದಾರಕ್ಕೂ ಜಾಗವಿದೆ: ಗೋಡೆ, ಹನಿ ನೀರಾವರಿ ಪೈಪು, ಗಿಡದ ಬುಡಗಳ ಸುತ್ತ. ಕಬ್ಬಿಣದ ಅಲಗು ಅಲ್ಲಿ ತಾಗಿದರೆ ಪೈಪು ಹೋಗುತ್ತದೆ. ದಾರವೂ ಎಳೆಗಿಡದ ತೊಗಟೆ ಸುಲಿಯುತ್ತದೆ, ಒಂದು ಗೇಣು ಬಿಡಬೇಕು. ನಮ್ಮ ಒಣಹವೆಯಲ್ಲಿ ದಾರ ಗಡುಸಾಗಿ ಪಟಪಟನೆ ಮುರಿಯುತ್ತದೆ ಎಂದು ದೂರುವವರಿಗೆ ಸುಲಭದ ಉಪಾಯವಿದೆ. ಹಿಂದಿನ ರಾತ್ರಿ ದಾರದ ಸುರುಳಿಯನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ನೈಲಾನ್ ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಬೆಳಿಗ್ಗೆ ಎರಡೂ ತುದಿ ಸಮ ಉದ್ದಕ್ಕೆ ಬರುವಂತೆ, ದಾರ ಸುತ್ತುವ ಡಬ್ಬಿಯ ಮೇಲಿನ ಬಾಣದ ಗುರುತಿನ ದಿಕ್ಕಿಗೇ, ಒಂದರ ಮೇಲೊಂದು ಅಡ್ಡ ಬೀಳದಂತೆ ಸುತ್ತಿ. ಅಡ್ಡ ಬಿದ್ದ ದಾರ ಬಿಸಿಯಾಗಿ ಒಳಗೇ ಬೆಸೆದುಕೊಳ್ಳುತ್ತದೆ, ಆಗ ನೆಲಕ್ಕೆ ಎಷ್ಟು ಕುಟ್ಟಿದರೂ ಹೊರಗೆ ಬರುವುದಿಲ್ಲ.

ಇನ್ನು ಬಳ್ಳಾರಿ ಜಾಲಿ. ಹೆಬ್ಬೆರಳು ಗಾತ್ರದವರೆಗಿನ ಜಾಲಿಯನ್ನು ಎಂಬತ್ತು ಹಲ್ಲಿನ ಗರಗಸದ ಅಲಗು ಕತ್ತರಿಸುತ್ತದೆ, ಅದಕ್ಕಿಂತ ದಪ್ಪವಿದ್ದರೆ ಚೈನ್ ಗರಗಸ ತನ್ನಿ. ಆದರೆ ಜಾಲಿ ಕೊಯ್ದಷ್ಟೂ ಬುಡದಿಂದ ನಾಲ್ಕಾಗಿ ಚಿಗುರುತ್ತದೆ. ಯಂತ್ರದಿಂದ ಜಾಲಿ ಮುಗಿಸುತ್ತೇನೆ ಎಂದು ಕೊಳ್ಳಲು ಬಂದವರಿಗೆ ನಾನು ಜೆಸಿಬಿಯಿಂದ ಬೇರುಸಮೇತ ಕೀಳಿಸಿ ಎನ್ನುತ್ತೇನೆ. ಪಾರ್ಥೇನಿಯಂ ವಿಷಯ ಬೇರೆ. ಹೂ ಬಿಡುವ ಮೊದಲು ಬುಡಕ್ಕೆ ಕೊಯ್ದರೆ ಬೀಜ ಹರಡುವುದು ತಪ್ಪುತ್ತದೆ, ಆದರೆ ಮೈ ಮುಚ್ಚುವ ಬಟ್ಟೆ, ಮೂಗಿಗೆ ಮಾಸ್ಕ್ ಇಲ್ಲದೆ ಅದರ ನಡುವೆ ಬ್ರಷ್ ಕಟರ್ ಹಿಡಿದರೆ ಚರ್ಮ, ಉಸಿರು ಎರಡಕ್ಕೂ ತೊಂದರೆ. ಬ್ರಷ್ ಕಟರ್‌ಗೆ ಭತ್ತ ಕೊಯ್ಯುವ ಸಾಧನ ಜೋಡಿಸಿಕೊಡಿ ಎಂದೂ ಕೇಳುತ್ತಾರೆ. ಕಂಬೈನ್ ಹಾರ್ವೆಸ್ಟರ್ ಹೋಗಲಾಗದ ಮೂಲೆಗದ್ದೆಗೆ ಸರಿ; ಎಕರೆಗಟ್ಟಲೆ ಕೊಯ್ಯಲು ಅಲ್ಲ.

ಬೆಳೆಸಾಲಿನ ಕಳೆಗೆ

ಹತ್ತಿ, ಮೆಣಸಿನಕಾಯಿ, ತೊಗರಿಯ ಸಾಲುಗಳಲ್ಲಿ ಆಯ್ಕೆ ಮೂರರ ನಡುವೆ: ಎತ್ತಿನ ಎಡೆಕುಂಟೆ, ಪವರ್ ವೀಡರ್, ಸಣ್ಣ ಟ್ರಾಕ್ಟರ್.

ಎತ್ತು ಇದ್ದವರು ಪವರ್ ವೀಡರ್ ಕೊಳ್ಳುವ ಅವಸರ ಮಾಡಬೇಡಿ. ಎರೆಹೊಲದಲ್ಲಿ ಹದ ಇರುವುದು ಮಳೆಯಾದ ಮೇಲಿನ ಕೆಲವೇ ದಿನ. ಒದ್ದೆಯಾಗಿದ್ದರೆ ಮಣ್ಣು ವೀಡರ್‌ನ ಅಲಗುಗಳಿಗೆ ಮುದ್ದೆಯಾಗಿ ಮೆತ್ತಿಕೊಂಡು ಅಲಗು ಉರುಳೆಯಾಗಿಬಿಡುತ್ತದೆ. ಒಣಗಿದರೆ ಬಿರುಕುಬಿಟ್ಟ ಹೆಂಟೆಯ ಮೇಲೆ ಯಂತ್ರ ಕುಣಿಯುತ್ತದೆ. ಆ ಹದದ ದಿನಗಳಲ್ಲಿ ಒಂದು ಜೋಡಿ ಎತ್ತು, ಅಗಲದ ಸಾಲಿನಲ್ಲಿ, ಎಡೆಕುಂಟೆಯಿಂದ ಮಾಡುವ ಕೆಲಸ ಯಾವ ಸಣ್ಣ ಎಂಜಿನ್ನಿಗೂ ಕಡಿಮೆಯಿಲ್ಲ. ಎತ್ತು ಇಲ್ಲದವರಿಗೆ, ಹದದಲ್ಲಿ ಬಾಡಿಗೆ ಎತ್ತು ಸಿಗದವರಿಗೆ ಪವರ್ ವೀಡರ್ ನಿಜವಾದ ಆಸರೆ.

ಕೊಳ್ಳುವ ಮೊದಲು ಟೇಪು ಹಿಡಿದು ಸಾಲು ಅಳೆಯಿರಿ. ಹತ್ತಿ 90 ಸೆಂಟಿಮೀಟರ್ ಸಾಲಿನಲ್ಲಿದ್ದರೆ ಅಲಗಿನ ಅಗಲ 60 ಮೀರಬಾರದು. ಎರಡೂ ಕಡೆ ಅರ್ಧ ಅಡಿ ಬಿಡದಿದ್ದರೆ ಬೇರು ಹೋಗುತ್ತದೆ. ಗಿಡದ ರೆಂಬೆಗಳು ಸಾಲಿನ ನಡುವೆ ಕೂಡಿಕೊಂಡ ಮೇಲೆ ಯಂತ್ರಕ್ಕೆ ದಾರಿಯಿಲ್ಲ. ಅಂದರೆ ಬಿತ್ತಿದ ಮೊದಲ ತಿಂಗಳು ಒಂದೂವರೆ ತಿಂಗಳೇ ಈ ಯಂತ್ರದ ದುಡಿಮೆಯ ಕಾಲ. ಐದಾರು ಎಕರೆಗಿಂತ ಕಡಿಮೆ ಇದ್ದವರು ಇಬ್ಬರು ಮೂವರು ಸೇರಿ ಕೊಳ್ಳುವುದು ಅಥವಾ ಬಾಡಿಗೆಗೆ ತರುವುದು ಲೇಸು.

ಮುಂಭಾಗದಲ್ಲೇ ಅಲಗು ತಿರುಗಿ ಅದೇ ಯಂತ್ರವನ್ನು ಎಳೆದುಕೊಂಡು ಹೋಗುವ ಹಗುರ ವೀಡರ್ ಮಸಾರಿ ನೆಲಕ್ಕೆ, ತರಕಾರಿ ಮಡಿಗೆ ಚೆಂದ. ಗಟ್ಟಿ ನೆಲದಲ್ಲಿ ಅದು ನೆಗೆಯುತ್ತದೆ, ಹಿಡಿದವರ ತೋಳು ಸೋಲುತ್ತದೆ. ಚಕ್ರಗಳಿದ್ದು ಹಿಂಬದಿಗೆ ರೋಟರಿ ಇರುವ ಯಂತ್ರ ಎರೆನೆಲಕ್ಕೆ ಮೇಲು. ಪೆಟ್ರೋಲ್ ಏಳು ಎಚ್‌ಪಿಯ ಯಂತ್ರವನ್ನು ಒಬ್ಬರು ಸಾಲಿನ ತುದಿಯಲ್ಲಿ ತಿರುಗಿಸಬಹುದು. ಒಂಬತ್ತು ಎಚ್‌ಪಿ ಡೀಸೆಲ್‌ಗೆ ಇಂಧನ ಕಡಿಮೆ ಸಾಕು, ಎಳೆತ ಹೆಚ್ಚು, ಆದರೆ ತೂಕ ನೂರು ಕಿಲೋ ದಾಟುತ್ತದೆ. ಐವತ್ತು ದಾಟಿದವರು ತಾವೇ ನಡೆಸುವುದಾದರೆ ಡೀಸೆಲ್ ಬೇಡ. 52 ಸಿಸಿ ಟೂ ಸ್ಟ್ರೋಕ್‌ನ ಪುಟ್ಟ ವೀಡರ್‌ಗಳು ಕೈತೋಟದ ಆಟಿಕೆ. ಎರೆಹೊಲಕ್ಕೆ ಮಾರಲು ನನ್ನ ಮನಸ್ಸು ಒಪ್ಪುವುದಿಲ್ಲ.

ಜೇಕು ಇರುವ ಹೊಲದವರು ಒಂದು ಕ್ಷಣ ನಿಲ್ಲಿ. ಜೇಕಿನ ಗೆಡ್ಡೆಗಳು ನೆಲದಡಿ ಸರಪಳಿಯಂತೆ ಜೋಡಿಕೊಂಡಿರುತ್ತವೆ. ರೋಟರಿ ಅಲಗು ಆ ಸರಪಳಿಯನ್ನು ತುಂಡರಿಸಿ ಹೊಲದ ತುಂಬ ಬಿತ್ತಿಬಿಡುತ್ತದೆ, ಪ್ರತಿ ತುಂಡೂ ಹೊಸ ಗಿಡ. ಅಲ್ಲಿ ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ ಗೆಡ್ಡೆಗಳನ್ನು ಬಿಸಿಲಿಗೆ ಒಣಗಿಸುವುದೇ ದಾರಿ.

ದಾಳಿಂಬೆ, ಪೇರಲ, ಮಾವಿನ ತೋಟದವರಿಗೆ ನನ್ನ ಮಾತು ಇನ್ನೂ ಖಚಿತ: ಗಿಡದ ಪಾತಿಯಲ್ಲಿ ರೋಟರಿ ಬೇಡ. ದಾಳಿಂಬೆಯ ಊಟದ ಬೇರುಗಳು ಮೇಲ್ಪದರದಲ್ಲೇ ಇರುತ್ತವೆ. ಅವು ಹರಿದ ಗಾಯದಿಂದಲೇ ಸೊರಗು ರೋಗ ಒಳಹೊಗುತ್ತದೆ. ಪಾತಿಯಲ್ಲಿ ಬ್ರಷ್ ಕಟರ್‌ನಿಂದ ಕೊಯ್ದು ಅದೇ ಹುಲ್ಲನ್ನು ಹೊದಿಕೆ ಮಾಡಿ, ಸಾಲುಗಳ ನಡುವೆ ಮಾತ್ರ ಸಣ್ಣ ಟ್ರಾಕ್ಟರ್ ಓಡಿಸಿ. ಆ ಹೊದಿಕೆ ಉಳಿಸುವ ತೇವವನ್ನು ಮಾರ್ಚ್ ಏಪ್ರಿಲ್‌ನಲ್ಲಿ ಕೈಯಿಂದ ಮುಟ್ಟಿ ನೋಡಬಹುದು.

ಅಂಗಡಿಯನ್ನೂ ಆರಿಸಿ

ಯಂತ್ರಗಳ ಹೋಲಿಕೆಯಷ್ಟೇ ಮುಖ್ಯವಾದುದು ಕೊಡುವವರ ಹೋಲಿಕೆ. ಒಂದೇ ಕಂಪನಿಯ ಅಧಿಕೃತ ಮಾರಾಟಗಾರರು, ಹಲವು ಕಂಪನಿಗಳ ಅಂಗಡಿ, ಆನ್‌ಲೈನ್ ಹೀಗೆ ಮೂರು ದಾರಿ. ಅಧಿಕೃತರಲ್ಲಿ ಬೆಲೆ ತುಸು ಹೆಚ್ಚು, ವಾರಂಟಿ ಮಾತ್ರ ಜಗಳವಿಲ್ಲದೆ ಸಿಗುತ್ತದೆ. ಹಲವು ಕಂಪನಿಗಳ ಅಂಗಡಿಯಲ್ಲಿ ಹೋಲಿಸಿ ನೋಡಬಹುದು, ಆದರೆ ಅಂಗಡಿಯವರೇ ದುರಸ್ತಿ ಮಾಡುತ್ತಾರೋ ಕಂಪನಿಗೆ ಕಳಿಸುತ್ತಾರೋ ಕೇಳಬೇಕು. ಆನ್‌ಲೈನ್‌ನಲ್ಲಿ ಕೊಂಡ ಯಂತ್ರವನ್ನು ಸ್ಟಾರ್ಟರ್ ಹಗ್ಗ ತುಂಡಾಯಿತೆಂದು ನನ್ನಲ್ಲಿಗೆ ಹೊತ್ತು ತರುತ್ತಾರೆ. ಮಾಡಿಕೊಡುತ್ತೇವೆ. ಆದರೆ ಆ ಮಾದರಿಯ ಕ್ಲಚ್, ಕಾರ್ಬುರೇಟರ್ ಎಲ್ಲಿಯೂ ಸಿಗದೆ ಆಷಾಢದ ಮಳೆಯಲ್ಲಿ ಕೈಚೆಲ್ಲಬೇಕಾದಾಗ ಅವರಿಗಿಂತ ನನಗೇ ಹೆಚ್ಚು ಸಂಕಟ.

ಅಂಗಡಿಗೆ ಹೋದಾಗ ಹೊಳೆಯುವ ಯಂತ್ರಗಳನ್ನು ಆಮೇಲೆ ನೋಡಿ, ಮೊದಲು ಬಿಡಿಭಾಗಗಳ ಕಪಾಟು ನೋಡಿ. ನೀವು ಕೊಳ್ಳುವ ಮಾದರಿಯ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್, ಸ್ಟಾರ್ಟರ್, ಕಾರ್ಬುರೇಟರಿನ ಡಯಾಫ್ರಮ್ ಇವಿಷ್ಟು ಇವತ್ತೇ ತೆಗೆದು ತೋರಿಸಿ ಎನ್ನಿ. ತೋರಿಸಿದರೆ ಬೆಲೆ ಮಾತನಾಡಿ. ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟರೆ ಅದು ತೇವ ಹೀರಿ ಡಯಾಫ್ರಮ್ ಹಾಳುಮಾಡುತ್ತದೆ. ಈ ಭಾಗಕ್ಕೆ ಬೇಡಿಕೆ ಹೆಚ್ಚು. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಡಿ.

ಸಬ್ಸಿಡಿ ಇದೆಯೆಂದು ಕಣ್ಣುಮುಚ್ಚಿ ಒಪ್ಪಬೇಡಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡ 90ರವರೆಗೆ, ಮಿತಿಗೆ ಒಳಪಟ್ಟು ಸಹಾಯಧನವಿದೆ. ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಅಲ್ಲಿ ಹೇಳುವ ರೈತರ ವಂತಿಕೆಯನ್ನು, ಅದೇ ಯಂತ್ರದ ಅಥವಾ ಅದಕ್ಕಿಂತ ಒಳ್ಳೆಯ ಯಂತ್ರದ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸಿ. ಪರಿಶಿಷ್ಟರಿಗೆ ಬಹುಪಾಲು ಲಾಭವೇ. ಅರ್ಧ ಸಹಾಯಧನದವರಿಗೆ ಕೆಲವೊಮ್ಮೆ ನಗದಿಗೆ ಕೊಳ್ಳುವುದೂ ಅಷ್ಟೇ ಆಗುತ್ತದೆ. ದೊಡ್ಡ ಯಂತ್ರವಾದರೆ ಪರೀಕ್ಷಾ ವರದಿ ಕೇಳಿ. ಬಳ್ಳಾರಿಗೆ ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಇಂಥ ಸಂಸ್ಥೆಗಳ ವರದಿಯಲ್ಲಿ ಎಚ್‌ಪಿ, ಇಂಧನ ಖರ್ಚು, ಅಲುಗಾಟ ಎಲ್ಲವೂ ಅಳೆದ ಅಂಕಿಯಲ್ಲಿರುತ್ತವೆ. ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಿಂದ ಒಂದು ದಿನ ಪವರ್ ವೀಡರ್ ತಂದು ನಿಮ್ಮದೇ ಹೊಲದಲ್ಲಿ ಓಡಿಸಿ ನೋಡಿದರೆ ನನ್ನಂಥ ಹತ್ತು ಮಂದಿಯ ಮಾತಿಗಿಂತ ಹೆಚ್ಚು ತಿಳಿಯುತ್ತದೆ. ಬಿಲ್ಲಿನಲ್ಲಿ ತೆರಿಗೆಯನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಹಾಗೂ ಕೃಷಿ ಯಂತ್ರಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ.

ಈ ವ್ಯಾಪಾರಕ್ಕೇ ಇಳಿಯಬೇಕೆಂದು ಕೇಳುವ ಹುಡುಗರೂ ಬರುತ್ತಾರೆ. ಕಂಪನಿಯ ಡೀಲರ್‌ಶಿಪ್ಪಿಗೆ ಠೇವಣಿ, ಮಳಿಗೆ, ಕಡ್ಡಾಯ ದಾಸ್ತಾನು ಬೇಕು. ಪ್ರತಿಯಾಗಿ ಮೆಕ್ಯಾನಿಕ್‌ಗೆ ತರಬೇತಿ, ವಾರಂಟಿಯ ಹೊಣೆ ಅವರದು. ಹಲವು ಕಂಪನಿಗಳ ಅಂಗಡಿಗೆ ಬಂಡವಾಳ ಕಡಿಮೆ, ಹೊಣೆ ಪೂರಾ ನಿಮ್ಮದು. ಎರಡರಲ್ಲೂ ಉದ್ರಿಯೇ ದೊಡ್ಡ ಪರೀಕ್ಷೆ. ನಮ್ಮ ಸೀಮೆಯ ವ್ಯಾಪಾರ ಕಾಲುವೆ ನೀರಿನ ಮೇಲೆ ನಿಂತಿದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ತಾತ್ಕಾಲಿಕ ಗೇಟ್ ಕೂರುವವರೆಗೆ ಯಂತ್ರದ ಮಾತಿರಲಿ, ಹಳೆಯ ಬಾಕಿಯ ಮಾತೆತ್ತಲೂ ನನಗೆ ನಾಲಿಗೆ ಏಳಲಿಲ್ಲ. ಆದ್ದರಿಂದ ಯಂತ್ರಗಳಿಗೆ ಹಾಕುವ ದುಡ್ಡಿನ ಒಂದು ಪಾಲನ್ನು ಮೊದಲ ದಿನದಿಂದಲೇ ಬಿಡಿಭಾಗಕ್ಕೆ, ಒಬ್ಬ ನಂಬಿಕಸ್ತ ಮೆಕ್ಯಾನಿಕ್‌ಗೆ ಎತ್ತಿಡಿ. ಬರಗಾಲದಲ್ಲಿ ಹೊಸ ಯಂತ್ರ ಯಾರೂ ಕೊಳ್ಳುವುದಿಲ್ಲ, ಹಳೆಯದನ್ನು ಎಲ್ಲರೂ ರಿಪೇರಿ ಮಾಡಿಸುತ್ತಾರೆ.

ಕೊಳ್ಳುವವರಿಗೆ ಸರಿಯಾದ ಕಾಲ ಫೆಬ್ರವರಿಯಿಂದ ಮೇ. ಆಗ ಮೆಕ್ಯಾನಿಕ್‌ಗೆ ಬಿಡುವಿರುತ್ತದೆ, ನಿಮಗೆ ಕೂರಿಸಿ ಹೇಳಿಕೊಡುತ್ತಾನೆ. ಯಂತ್ರವನ್ನು ತಣ್ಣಗಿರುವಾಗ ನೀವೇ ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಬಿಸಿಯಿರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಮೊಂಡು ಹಿಡಿಯುವ ಎಂಜಿನ್ ಹೊಲದಲ್ಲಿ ಪ್ರತಿದಿನ ಹಾಗೆಯೇ ಮಾಡುತ್ತದೆ, ಬೇರೊಂದನ್ನು ತೆಗೆಸಿ. ಎಂಜಿನ್ ಸಂಖ್ಯೆ ಬಿಲ್ಲಿನಲ್ಲೂ ವಾರಂಟಿ ಕಾರ್ಡಿನಲ್ಲೂ ಒಂದೇ ಇದೆಯೇ ನೋಡಿ. ಕನ್ನಡಕ, ಕಿವಿಗೆ ಮುಚ್ಚಳ, ಮೊಣಕಾಲವರೆಗಿನ ಬೂಟು ಅದೇ ಬಿಲ್ಲಿನಲ್ಲಿ ಸೇರಿಸಿಕೊಳ್ಳಿ. ಅಂಗಡಿಯವರು ಪುಕ್ಕಟೆ ಕೊಡದಿದ್ದರೆ ದುಡ್ಡು ಕೊಟ್ಟಾದರೂ ಪಡೆಯಿರಿ. ಮನೆಗೆ ಹೋದ ಮೇಲೆ ಮೊದಲ ಎಣ್ಣೆ ಬದಲಿಸುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕರಿಮಣ್ಣಿನ ದೂಳಿನಲ್ಲಿ ಓಡುವ ಯಂತ್ರದ ಏರ್ ಫಿಲ್ಟರನ್ನು ಮಾತ್ರ ಯಾವ ದಿನಾಂಕವನ್ನೂ ಕಾಯದೆ, ದಿನದ ಕೆಲಸ ಮುಗಿದ ಕೂಡಲೇ ಬಿಚ್ಚಿ ಕೊಡವಿ ಸ್ವಚ್ಛಮಾಡಿ.